ಒಂದು ವರ್ಷ ಕಡಿಮೆ

ಮೆಡಿಕಲ್ ಸೀಟು ಅಂದರೆ ಎಲ್ಲರೂ ರ‍್ಯಾಂಕಿನ ಬಗ್ಗೆ ಮಾತಾಡ್ತಾರೆ. ಅರ್ಜಿಯಲ್ಲಿ ರ‍್ಯಾಂಕಿಗಿಂತ ಮೊದಲು ಒಂದು ಸಣ್ಣ ಕಾಲಂ ಇರುತ್ತೆ, ಅದರ ಬಗ್ಗೆ ಯಾರೂ ಮಾತಾಡಲ್ಲ. ಯಾವ ಆಧಾರದ ಮೇಲೆ ನೀವು ಕರ್ನಾಟಕದ ಅಭ್ಯರ್ಥಿ ಅಂತ ಕೇಳುವ ಕಾಲಂ ಅದು. ಕ್ಲಿಕ್ ಮಾಡಿದರೆ ಎ, ಬಿ, ಸಿ ಅಂತ ಕೆಳಗೆ ಉದ್ದಕ್ಕೆ ಅಕ್ಷರಗಳು ಬಿಚ್ಚಿಕೊಳ್ತವೆ. ಒಂದರಿಂದ ಹನ್ನೆರಡನೇ ಕ್ಲಾಸಿನೊಳಗೆ ಏಳು ವರ್ಷ ಈ ರಾಜ್ಯದಲ್ಲಿ ಓದಿ, ಎಸ್ಸೆಸ್ಸೆಲ್ಸಿಯನ್ನೋ ಪಿಯುಸಿಯನ್ನೋ ಇಲ್ಲೇ ಪಾಸು ಮಾಡಿದ್ದರೆ ಎ. ಕನಕಪುರ ಬಸ್ ಸ್ಟ್ಯಾಂಡ್ ಎದುರಿನ ನನ್ನ ಕಂಪ್ಯೂಟರ್ ಸೆಂಟರಿಗೆ ಬರುವ ಮಕ್ಕಳು ಇನ್ನೆಲ್ಲಿ ಓದಿರ್ತಾರೆ? ಕೋಡಿಹಳ್ಳಿ, ಹಾರೋಹಳ್ಳಿ, ಸಾತನೂರು, ಇಷ್ಟೇ. ಕಣ್ಣು ಮುಚ್ಚಿಕೊಂಡು ಎ ಒತ್ತುತ್ತಿದ್ದೆ. ಎ ಕೆಳಗಿನ ಅಕ್ಷರಗಳು ಏನು ಹೇಳ್ತವೆ ಅಂತ ಓದಿಯೂ ಇರಲಿಲ್ಲ. ಒಪ್ಪಿಕೊಳ್ಳೋಕೆ ಈಗ ನಾಚಿಕೆಯಾಗುತ್ತೆ.

ಆ ಸಲ ನೀಟ್ ಫಲಿತಾಂಶ ಬಂದ ಮೇಲೆ ರಾಜ್ಯದ ಸೀಟಿಗೆ ಹೆಸರು ನೋಂದಾಯಿಸಲು ಎಂಟೇ ದಿನ ಕೊಟ್ಟಿದ್ದರು. ಮೊದಲನೇ ದಿನ ಒಂದು ಹುಡುಗಿ ಬಂದಳು, ಹಿಂದೆ ಅವಳ ಅವ್ವ. ಹುಡುಗಿ ನೇರವಾಗಿ ನನ್ನ ಟೇಬಲ್ಲಿಗೆ ಬಂದು ಅಂಕಪಟ್ಟಿ ಇಟ್ಟಳು. ಅವ್ವ ಬಾಗಿಲ ಹತ್ತಿರ ಬಟ್ಟೆ ಚೀಲ ಎದೆಗೊತ್ತಿಕೊಂಡು ನಿಂತರು.

"ಮೇಡಂ, ಸಾರ್ ಇಲ್ವಾ?" ಅಂದಳು ಹುಡುಗಿ.

ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತೆ. ಅಂಗಡಿ ನಂದು, ಕಂಪ್ಯೂಟರ್ ನಂದು, ಬೆಳಿಗ್ಗೆಯಿಂದ ಅರ್ಜಿ ತುಂಬೋಳು ನಾನು, ಬಂದವರೆಲ್ಲ ಹುಡುಕೋದು ಒಬ್ಬ ಸಾರನ್ನ. "ಇಲ್ಲಿ ಸಾರ್ ಯಾರೂ ಇಲ್ಲ, ನಾನೇ ಎಲ್ಲ. ಕೂತ್ಕೋ" ಅಂದೆ.

ನೀಟ್ ಅಂಕ ನೋಡಿದ ಮೇಲೆ ಸಿಟ್ಟು ಇಳಿಯಿತು. ಒಳ್ಳೆ ಅಂಕ. ರಾಜ್ಯದ ಪಟ್ಟಿಯಲ್ಲಿ ನಿಂತರೆ ಸರ್ಕಾರಿ ಕಾಲೇಜಿನ ಸೀಟು ಸಿಗುವ ಅಂಕ. ದೇಶದ ಪಟ್ಟಿಯಲ್ಲಿ ಮಾತ್ರ ಅದು ಸಾಲದು. ಅಂದರೆ ಕರ್ನಾಟಕದವಳು ಅನ್ನಿಸಿಕೊಂಡರೆ ಅವಳಿಗೆ ಡಾಕ್ಟರಿಕೆ, ಇಲ್ಲದಿದ್ದರೆ ಇಲ್ಲ. ಅವತ್ತು ಅದು ನನಗೆ ಹೊಳೆಯಲೇ ಇಲ್ಲ. ಕೋಡಿಹಳ್ಳಿ ಆಚೆ ಕಾಡಂಚಿನ ಊರಿನ ಹುಡುಗಿ ಕರ್ನಾಟಕದವಳಲ್ಲದೆ ಇನ್ಯಾವ ರಾಜ್ಯದವಳು?

ಎ ಒತ್ತಿದೆ. ಯಾವ ಕ್ಲಾಸು ಎಲ್ಲಿ ಓದಿದ್ದು ಅಂತ ಪರದೆ ಕೇಳಿತು.

"ಒಂದು, ಎರಡು ನಮ್ಮೂರಲ್ಲೇ," ಅಂದಳು ಹುಡುಗಿ. "ಮೂರರಿಂದ ಎಂಟು ತಮಿಳುನಾಡಲ್ಲಿ. ಅಂಚೆಟ್ಟಿ ಕಡೆ. ನಮ್ಮ ಸೋದರತ್ತೆ ಮನೇಲಿ ಇದ್ದೆ. ಒಂಬತ್ತು, ಹತ್ತು ಕೋಡಿಹಳ್ಳಿಲಿ ಹಾಸ್ಟೆಲು. ಪಿಯುಸಿ ಇಲ್ಲೇ ಕನಕಪುರ."

ಅವರಪ್ಪ ಕುರಿ ಸಾಕುವವರು. ಮೇವು ಹುಡುಕಿಕೊಂಡು ಮಂದೆ ಗಡಿ ದಾಟಿದರೆ ಅವ್ವನೂ ಹಿಂದೆ ಹೋಗಬೇಕು. ಮಗಳು ಊರಲ್ಲಿ ಒಬ್ಬಳೇ ಇರೋಕಾಗಲ್ಲ ಅಂತ ಅತ್ತೆ ಮನೆಗೆ ಬಿಟ್ಟಿದ್ದರು. ನಾನು ಬೆರಳು ಮಡಚಿ ಎಣಿಸಿದೆ. ಎರಡು, ಎರಡು, ಎರಡು. ಆರು ವರ್ಷ. ಇನ್ನೊಂದು ಸಲ ಎಣಿಸಿದೆ. ಆರೇ.

ತಮಿಳುನಾಡಿನಲ್ಲಿ ಸೇರಿಸ್ತಾರಾ ಅಂದರೆ ಅದೂ ಇಲ್ಲ. ಕೊನೆಯ ನಾಲ್ಕು ವರ್ಷ ಇಲ್ಲಿ ಓದಿದವಳನ್ನ ಅವರ್ಯಾಕೆ ತಮ್ಮವಳು ಅಂದುಕೊಳ್ತಾರೆ? ಎರಡು ರಾಜ್ಯದ ಮಧ್ಯೆ ಈ ಮಗು ಎತ್ತಲಾಗೂ ಇಲ್ಲದಂಗೆ ಆಗಿಬಿಟ್ಟಿತ್ತು. "ಮೊದಲು ಊರ ಸ್ಕೂಲಿಗೆ ಹೋಗಿ ಸ್ಟಡಿ ಸರ್ಟಿಫಿಕೇಟ್ ತಗೊಂಬಾ, ಆಮೇಲೆ ನೋಡೋಣ" ಅಂತ ಕಳಿಸಿದೆ. ಆರು ವರ್ಷಕ್ಕೆ ಸರ್ಟಿಫಿಕೇಟ್ ತಂದು ಏನು ಮಾಡೋದು ಅಂತ ನನಗೂ ಗೊತ್ತಿರಲಿಲ್ಲ.

ಮೂರನೇ ದಿನ ಇಬ್ಬರೂ ವಾಪಸ್ ಬಂದರು. ಸರ್ಟಿಫಿಕೇಟ್ ನೋಡಿದೆ. ಒಂದರಿಂದ ಮೂರನೇ ಕ್ಲಾಸು ಅಂತ ಬರೆದು, ಮೇಷ್ಟ್ರ ರುಜು, ಸೀಲು, ಎಲ್ಲ ಇತ್ತು. ಮೂರು, ಎರಡು, ಎರಡು. ಸರಿಯಾಗಿ ಏಳು. ಇವಳೇ ಮೊನ್ನೆ ತಪ್ಪು ಹೇಳಿರಬೇಕು ಅಂದುಕೊಂಡೆ. ಎಷ್ಟು ಖುಷಿಯಾಯಿತು ಅಂದರೆ, ಪಕ್ಕದ ಅಂಗಡಿಯಿಂದ ಟೀ ತರಿಸಿ ಇಬ್ಬರಿಗೂ ಕೊಟ್ಟೆ. ಅರ್ಜಿ ತುಂಬಿ, ಕರಡು ಪ್ರಿಂಟ್ ತೆಗೆದು, ಪೋಷಕರ ಒಪ್ಪಿಗೆಯ ಹಾಳೆಯನ್ನ ಅವ್ವನ ಮುಂದೆ ಇಟ್ಟೆ, ಜೊತೆಗೆ ಇಂಕ್ ಪ್ಯಾಡು ತಳ್ಳಿದೆ. ಅವರು ಎಡಗೈ ಹೆಬ್ಬೆಟ್ಟು ಒತ್ತಿ, ಬೆರಳನ್ನ ಸೀರೆ ಸೆರಗಿಗೆ ಒರೆಸಿಕೊಂಡರು.

ಹುಡುಗಿ ಟೀ ಕುಡಿದಿರಲಿಲ್ಲ. "ಮೇಡಂ, ನಾನು ಮೂರ್ನೇ ಕ್ಲಾಸು ನಮ್ಮೂರಲ್ಲಿ ಓದಿಲ್ಲ" ಅಂದಳು.

"ಮತ್ತೆ ಇದೇನೇ?"

"ಮೇಷ್ಟ್ರು ಕೊಟ್ರು. ರಿಜಿಸ್ಟರಲ್ಲಿ ನನ್ನ ಹೆಸರು ಐತೆ ಅಂತೆ."

ಮೇಷ್ಟ್ರಿಗೆ ಫೋನ್ ಮಾಡಿದೆ. ಪಾಪ, ಒಳ್ಳೆ ಮನುಷ್ಯ, ಮುಚ್ಚುಮರೆ ಮಾಡಲಿಲ್ಲ. "ಆ ವರ್ಷ ನಾಲ್ಕೈದು ಕುರಿಯೋರ ಮನೆ ಮಕ್ಕಳು ಒಟ್ಟಿಗೆ ಹೊಂಟೋದ್ವು ಕಣಮ್ಮ. ಹೆಸರು ಹೊಡೆದಾಕಿದ್ರೆ ಸ್ಕೂಲಿನ ಎರಡ್ನೇ ಮೇಷ್ಟ್ರ ಪೋಸ್ಟೇ ಹೋಗೋದು. ಬತ್ತವೆ, ಬತ್ತವೆ ಅಂತ ಹಾಜರಿ ಹಾಕ್ಕೊಂಡು ಬಂದೆ. ಮಾರ್ಚ್ ಬಂದ್ಬುಡ್ತು, ಮಕ್ಕಳು ಬರ್ಲಿಲ್ಲ. ಈಗ ಆ ಮಗೀಗೆ ಉಪಯೋಗ ಆಗ್ಲಿ ಬುಡಿ. ಯಾರಿಗೆ ಏನು ನಷ್ಟ?"

ಫೋನ್ ಇಟ್ಟು ನಾನೂ ಅದನ್ನೇ ಹೇಳಿದೆ. ಯಾರಿಗೇನು ನಷ್ಟ? ಪರಿಶೀಲನೆಯಲ್ಲಿ ಏಳು ವರ್ಷದ ಕಾಗದ ಕೇಳ್ತಾರೆ, ಏಳು ವರ್ಷದ್ದು ಕೊಡು. ತಮಿಳುನಾಡಿನ ಟಿಸಿ ತೋರಿಸು ಅಂತ ಯಾರೂ ಕೇಳಲ್ಲ. ಈ ಬುದ್ಧಿ ನಾನೇ ಹೇಳಿಕೊಟ್ಟೆ, ಸುಳ್ಳು ಹೇಳಲ್ಲ.

ಹುಡುಗಿ ತಲೆ ಬಗ್ಗಿಸಿಕೊಂಡೇ ಹೇಳಿದಳು. "ಆ ವರ್ಷ ನಾನು ಅತ್ತೆ ಊರ ಸ್ಕೂಲಲ್ಲಿ ಮೂರನೇ ಕ್ಲಾಸಿಗೆ ಸೇರಿದ್ದೆ. ತಮಿಳು ಬರ್ತಿರಲಿಲ್ಲ ಅಂತ ಎಲ್ಲ ನಗಾಡೋರು. ಅದೊಂದು ವರ್ಷ ನಾನು ಪಟ್ಟ ಕಷ್ಟ ನಂಗೇ ಗೊತ್ತು. ಅದನ್ನ ಇಲ್ಲ ಅಂತ ಬರ್ಕೊಡಲ್ಲ ಮೇಡಂ. ಮುಂದೆ ಯಾವತ್ತಾದ್ರೂ ಗೊತ್ತಾದ್ರೆ ಸೀಟೂ ಹೋಯ್ತದೆ, ಮೇಷ್ಟ್ರ ಕೆಲಸನೂ ಹೋಯ್ತದೆ."

"ಹಂಗಾದ್ರೆ ಸೀಟು ಬೇಡ್ವಾ ನಿಂಗೆ?" ಅಂತ ಗದರಿದೆ.

"ಬೇಕು," ಅಂದಳು. ಅಷ್ಟೇ ಹೇಳಿದ್ದು, ಕಣ್ಣಲ್ಲಿ ನೀರು ತುಂಬಿತ್ತು. ನನಗೆ ನನ್ನ ಮೇಲೇ ಅಸಹ್ಯವಾಯಿತು. ಸರ್ಟಿಫಿಕೇಟನ್ನ ಮೇಷ್ಟ್ರಿಗೆ ವಾಪಸ್ ಕೊಡು ಅಂದು, ಕರಡಿನ ಮೊದಲ ಹಾಳೆ ಹರಿದು ಬುಟ್ಟಿಗೆ ಹಾಕಿದೆ. ನಾಳೆ ಬನ್ನಿ ಅಂತ ಇಬ್ಬರನ್ನೂ ಕಳಿಸಿದೆ.

ಅವತ್ತು ಮಧ್ಯಾಹ್ನ, ಜೆರಾಕ್ಸಿಗೆ ಬಂದವರನ್ನ ನಿಲ್ಲಿಸಿಕೊಂಡೇ, ಮಾಹಿತಿ ಪುಸ್ತಿಕೆಯನ್ನ ಮೊದಲ ಸಲ ಪೂರ್ತಿ ಓದಿದೆ. ಎ ಆದ ಮೇಲೆ ಬಿ. ಪಿಯುಸಿ ಎರಡೂ ವರ್ಷ ಕರ್ನಾಟಕದಲ್ಲಿ ಓದಿ ಪಾಸಾಗಿರಬೇಕು, ಜೊತೆಗೆ ತಂದೆ ಅಥವಾ ತಾಯಿ, ಇಬ್ಬರಲ್ಲಿ ಒಬ್ಬರು ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಇಷ್ಟು ವರ್ಷ ಮೂಗಿನ ಕೆಳಗೇ ಇತ್ತು. ಮೂರು ಸಲ ಓದಿದೆ.

ಮಾರನೇ ದಿನ ಅವರು ಬಂದ ತಕ್ಷಣ ಹುಡುಗಿಯ ಅಪ್ಪನ ನಂಬರಿಗೆ ಫೋನ್ ಮಾಡಿಸಿದೆ. ಆತ ಮಂದೆ ಜೊತೆ ಎಲ್ಲೋ ಬಯಲಲ್ಲಿದ್ದರು, ಹಿಂದೆ ಕುರಿ ಕೂಗೋದು ಕೇಳ್ತಿತ್ತು. "ನೀವು ಎಷ್ಟನೇ ಕ್ಲಾಸು ಓದಿದ್ದೀರಿ?" ಅಂದೆ.

"ನಾನಾ? ಎರಡ್ನೇ ಕ್ಲಾಸಿಗೆ ಬುಟ್ಬುಟ್ಟೆ ಕನವ್ವ. ಯಾಕೆ, ಅದುಕ್ಕೂ ಏನಾರ ಐತಾ?"

ಮುಗೀತು ಅಂದುಕೊಂಡೆ. ಹುಡುಗಿಗೆ ಹೇಳಿಬಿಟ್ಟೆ, "ಇದೂ ಆಗಲ್ಲ ಕಣಮ್ಮ. ನರ್ಸಿಂಗೋ, ಬಿಎಸ್ಸಿನೋ, ಬೇರೆ ಏನಾದ್ರೂ ನೋಡು." ಅವಳು ಕಾಗದ ಜೋಡಿಸಿಕೊಳ್ಳೋಕೆ ಶುರು ಮಾಡಿದಳು. ಅವ್ವ ಟೇಬಲ್ ಹತ್ತಿರ ಬಂದು, ನಿನ್ನೆಯ ಕರಡಿನಲ್ಲಿ ಉಳಿದಿದ್ದ ಹಾಳೆಗಳನ್ನ ಒಂದೊಂದಾಗಿ ಎತ್ತಿಕೊಡ್ತಿದ್ದರು. ಒಂದು ಹಾಳೆ ಕೈಯಲ್ಲೇ ನಿಂತಿತು.

"ಮೇಡಮ್ಮೋರೆ, ಇಲ್ಲಿ ಪಿನ್ ನಂಬ್ರ ತಪ್ಪಾಗೈತೆ. ಊರ ಹೆಸರು ಸರಿ ಐತೆ. ಕೊನೇದು ಏಳಲ್ಲ, ಒಂಬತ್ತು."

ಹಾಳೆಯಲ್ಲಿದ್ದದ್ದು ಸಣ್ಣಕ್ಷರದ ವಿಳಾಸ. ನಾನು ಅವರ ಮುಖ ನೋಡಿದೆ. ಆಮೇಲೆ ಎಡಗೈ ಹೆಬ್ಬೆಟ್ಟು ನೋಡಿದೆ, ನಿನ್ನೆಯ ನೀಲಿ ಉಗುರಿನ ಸಂದಿಯಲ್ಲಿ ಇನ್ನೂ ಇತ್ತು.

"ನಿಮಗೆ ಓದೋಕೆ ಬರುತ್ತಾ?"

"ಬತ್ತದೆ. ಇಂಗ್ಲಿಷು ಒಸಿ ನಿಧಾನ."

"ಎಷ್ಟನೇ ಕ್ಲಾಸು?"

"ಏಳ್ನೇ ಕ್ಲಾಸು ಪಾಸು. ಮಾಗಡಿ ತಾಲ್ಲೂಕು, ನಮ್ಮಪ್ಪನ ಮನೆ ಊರಲ್ಲಿ."

"ಮತ್ತೆ ನಿನ್ನೆ ಹೆಬ್ಬೆಟ್ಟು ಯಾಕೆ ಒತ್ತಿದ್ರಿ?"

"ನೀವೇ ಪ್ಯಾಡು ತಳ್ಳುದ್ರಿ," ಅಂದರು. ಬೈಯುವ ಧ್ವನಿಯೂ ಅಲ್ಲ, ನಾಚಿಕೆಯೂ ಅಲ್ಲ, ನಡೆದದ್ದನ್ನ ಹೇಳಿದರು ಅಷ್ಟೇ.

ನನ್ನನ್ನ ನೋಡಿ ಸಾರ್ ಇಲ್ವಾ ಅನ್ನುವವರ ಮೇಲೆ ಅಷ್ಟು ಉರಿದುಬೀಳುವ ನಾನು, ಈ ಹೆಂಗಸಿಗೆ ಮಾಡಿದ್ದೇನು? ಮೂರು ಸಲ ಬಂದಿದ್ದಾರೆ, ಒಂದು ಸಲವೂ ಅವರನ್ನ ಒಂದು ಮಾತು ಕೇಳಿರಲಿಲ್ಲ. ರೇಷನ್ ಕಾರ್ಡು ನೋಡಿ ಅವರ ಹೆಸರು ಟೈಪ್ ಮಾಡಿದ್ದೆ, ಅದು ತಲೆಗೇ ಹೋಗಿರಲಿಲ್ಲ. "ಕೂತ್ಕೊಳ್ಳಿ ಭಾಗ್ಯಮ್ಮ" ಅಂತ ಸ್ಟೂಲು ಎಳೆದೆ. ಹುಡುಗಿ ಅವ್ವನ್ನೇ ನೋಡ್ತಿದ್ದಳು.

ಮಾರನೇ ದಿನ ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿದೆ. ಅರ್ಜಿಗಳ ಕಾಲದಲ್ಲಿ ಯಾರೂ ಮಾಡದ ಕೆಲಸ. ರಾಮನಗರದಲ್ಲಿ ಬಸ್ ಬದಲಾಯಿಸಿ ಮೂವರೂ ಮಾಗಡಿಗೆ ಹೋಗಿ, ಅಲ್ಲಿಂದ ಆಟೋ ಹಿಡಿದೆವು. ಭಾಗ್ಯಮ್ಮನ ಊರಲ್ಲಿ ಸ್ಕೂಲಿನ ಬಾಗಿಲಿಗೂ ಬೀಗವೇ. ಮಕ್ಕಳಿಲ್ಲ ಅಂತ ಮುಚ್ಚಿ ಎಷ್ಟೋ ಕಾಲವಾಗಿತ್ತು. ಪುಸ್ತಕವೆಲ್ಲ ಪಕ್ಕದೂರಿನ ಸ್ಕೂಲಿಗೆ ಹೋಗಿದೆ ಅಂತ ಎದುರು ಮನೆಯವರು ಹೇಳಿದರು. ಪಕ್ಕದೂರಿಗೆ ನಡೆದೇ ಹೋದೆವು.

ಅಲ್ಲಿನ ಹೆಡ್‌ಮಾಸ್ಟರು ಬಹಳ ಶಿಸ್ತಿನವರು. ದಾಖಲಾತಿ ರಿಜಿಸ್ಟರ್ ತೆಗೆಸಿ, ಕನ್ನಡಕ ಏರಿಸಿ, ಹೆಸರು ಹುಡುಕಿದರು. ಸಿಕ್ಕಿತು. ಒಂದನೇ ಕ್ಲಾಸಿಗೆ ಸೇರಿದ ದಿನ, ತಂದೆ ಹೆಸರು, ಊರು ಎಲ್ಲ ಇತ್ತು. ಶಾಲೆ ಬಿಟ್ಟ ದಿನದ ಕಾಲಂ ಮಾತ್ರ ಖಾಲಿ.

"ಟಿಸಿ ತಗೊಂಡಿಲ್ಲ ಇವರು," ಅಂದರು.

"ಹೈಸ್ಕೂಲಿಗೆ ಕಳಿಸ್ನಿಲ್ಲ ಸಾ," ಅಂದರು ಭಾಗ್ಯಮ್ಮ. "ಟಿಸಿ ತಗೊಂಡು ಏನ್ ಮಾಡನೆ ಅಂತ ಬುಟ್ಟೆ."

"ಅದು ಸರಿ ಕಣಮ್ಮ. ಆದ್ರೆ ಯಾವಾಗ ಬಿಟ್ರಿ ಅಂತ ನಾನೇನು ಬರೀಲಿ? ನಾಲ್ಕನೇ ಕ್ಲಾಸಿಗೇ ಬಿಟ್ಟಿರಬಹುದು. ಏಳು ವರ್ಷ ಓದಿದ್ದಾರೆ ಅಂತ ಬರೆಯೋಕೆ ನನಗೆ ಆಧಾರ ಬೇಕು."

ಅವರ ಮಾತಲ್ಲಿ ತಪ್ಪಿರಲಿಲ್ಲ. ಆಧಾರವಿಲ್ಲದೆ ಬರೆದುಕೊಟ್ಟಿದ್ದರೆ, ಹಿಂದಿರುಗಿಸಿದ್ದ ಆ ಸರ್ಟಿಫಿಕೇಟಿಗೂ ಇದಕ್ಕೂ ಏನು ವ್ಯತ್ಯಾಸ? "ಹಾಜರಿ ಪುಸ್ತಕ ಇರುತ್ತಲ್ಲ ಸರ್" ಅಂದೆ. ಹಿಂದಿನ ಕೋಣೆಯಲ್ಲಿ ಬಟ್ಟೆಯಲ್ಲಿ ಕಟ್ಟಿಟ್ಟ ಗಂಟುಗಳಿದ್ದವು. ನೀವೇ ಹುಡುಕಿಕೊಳ್ಳಿ ಅಂದರು. ನಾವು ಮೂವರೂ ನೆಲದ ಮೇಲೆ ಕೂತು ಬಿಚ್ಚಿದೆವು. ಮೊದಲನೇ ಗಂಟು ಪೂರ್ತಿ ಗೆದ್ದಲು ತಿಂದಿತ್ತು, ಮುಟ್ಟಿದರೆ ಮಣ್ಣು. ಎರಡನೆಯದರಲ್ಲಿ ಅರ್ಧರ್ಧ ಪುಸ್ತಕ. ಶನಿವಾರದ ಸ್ಕೂಲು ಬಿಡುವ ಗಂಟೆ ಹೊಡೆದಾಗ ನಮ್ಮ ಮೂಗು, ಕೂದಲೆಲ್ಲ ಧೂಳು. ಹುಡುಗಿ ಒಂದು ಪುಸ್ತಕ ತೆರೆದು, "ಅವ್ವ, ಏಳನೇ ತರಗತಿ" ಅಂದಳು.

ಭಾಗ್ಯಮ್ಮ ಇಣುಕಿ ನೋಡಿ ಅಲ್ಲೇ ಬೆರಳಿಟ್ಟರು. "ಇದೇ. ಇದು ನನ್ನಕ್ಷರ."

ನಾಲ್ಕನೇ ಸಾಲಿನಲ್ಲಿ ಅವರ ಹೆಸರಿತ್ತು. ಜೂನಿಂದ ಮಾರ್ಚಿನವರೆಗೆ ಹಾಜರಿ, ಕೊನೇ ಪುಟದಲ್ಲಿ ಉತ್ತೀರ್ಣ ಅಂತ ಷರಾ. ಓಡಿಹೋಗಿ ಹೆಡ್‌ಮಾಸ್ಟರ ಮುಂದಿಟ್ಟೆವು. ಅವರು ಪುಟ ತಿರುಗಿಸಿ ನೋಡಿ, ಹುಬ್ಬು ಗಂಟಿಕ್ಕಿದರು.

"ಇದು ಮೇಷ್ಟ್ರ ಅಕ್ಷರ ಅಲ್ಲವಲ್ಲ. ಟೀಚರ್ ರುಜು ಬೇರೆ ಥರ ಇದೆ. ಹೆಸರುಗಳನ್ನ ಬೇರೆ ಯಾರೋ ಬರೆದಿದ್ದಾರೆ. ಆಮೇಲೆ ಸೇರಿಸಿದ್ದು ಅಂದ್ರೆ?"

ಭಾಗ್ಯಮ್ಮನಿಗೆ ಗಾಬರಿಯೇ ಇಲ್ಲ. "ನಾನೇ ಬರ್ದಿದ್ದು ಸಾ. ನಮ್ ಮೇಷ್ಟ್ರಿಗೆ ಕಣ್ಣು ಸರಿಯಾಗಿ ಕಾಣ್ತಿರ್ನಿಲ್ಲ. ತಿಂಗ್ಳು ತಿಂಗ್ಳು ಹೆಸ್ರ ಎಲ್ಲ ನನ್ ಕೈಲೇ ಬರುಸ್ತಿದ್ರು. ಹಾಜ್ರಿ ಅವ್ರೇ ಹಾಕೋರು."

ಹೆಡ್‌ಮಾಸ್ಟರು ಪುಸ್ತಕ ಮುಚ್ಚಿ ತಮ್ಮ ಹತ್ತಿರ ಇಟ್ಟುಕೊಂಡರು. ಒಂದು ಬಿಳಿ ಹಾಳೆ, ಪೆನ್ನು ಮುಂದೆ ಸರಿಸಿದರು. "ಬರೀರಿ ನೋಡೋಣ."

ಭಾಗ್ಯಮ್ಮ ಪೆನ್ನು ತಗೊಂಡರು. ಮೊದಲ ಅಕ್ಷರ ಅರ್ಧಕ್ಕೆ ನಿಂತಿತು. ಪೆನ್ನು ಬಿಟ್ಟು, ಬೆರಳು ಒಂದೆರಡು ಸಲ ಮಡಚಿ, ಮತ್ತೆ ಹಿಡಿದರು. ಒಂದು, ಕೆಂಪರಾಜು. ಎರಡು, ಗಂಗಾಧರ. ಮೂರು, ಪುಟ್ಟಸ್ವಾಮಿ. ನಾಲ್ಕು, ಭಾಗ್ಯಮ್ಮ. ಐದು, ಜಯಮ್ಮ. ಯಾರನ್ನೂ ಕೇಳದೆ, ಮೇಲೆ ನೋಡದೆ, ಸಾಲಾಗಿ ಬರೆದುಕೊಂಡು ಹೋದರು. ಹದಿಮೂರನೇ ಹೆಸರಿಗೆ ನಿಂತು ಯೋಚಿಸಿ, "ಇವ್ಳು ಅರ್ಧ ವರ್ಷಕ್ಕೆ ಬಂದಿದ್ದು, ಕೊನೇಗೆ ಬರ್ದಿದ್ದೆ" ಅಂತ ಅದನ್ನ ಬಿಟ್ಟು ಮುಂದಿನವರ ಹೆಸರನ್ನ ಅಲ್ಲಿ ಬರೆದರು.

ಹೆಡ್‌ಮಾಸ್ಟರು ಪುಸ್ತಕ ತೆರೆದು ಪಕ್ಕದಲ್ಲಿ ಇಟ್ಟರು. ಅದೇ ಕ್ರಮ. ಅದೇ ಬಾಲ ಎಳೆದ ಅಕ್ಷರ. ತಡವಾಗಿ ಬಂದ ಹುಡುಗಿ ಪುಸ್ತಕದಲ್ಲೂ ಕೊನೆಯ ಸಾಲಿನಲ್ಲೇ ಇದ್ದಳು. ಹೆಡ್‌ಮಾಸ್ಟರು ಕನ್ನಡಕ ತೆಗೆದು, "ಇಷ್ಟು ಚೆನ್ನಾಗಿ ನಮ್ಮ ಮಕ್ಕಳು ಈಗ ಬರೆಯಲ್ಲಮ್ಮ" ಅಂದರು. ಸರ್ಟಿಫಿಕೇಟ್ ತಾವೇ ಕೈಯಾರೆ ಬರೆದು ಸೀಲು ಹಾಕಿದರು. ಹುಡುಗಿ ಬಾಗಿಲಾಚೆ ಹೋಗಿ ಅತ್ತಳು. ನಾನೂ ಮುಖ ಆ ಕಡೆ ತಿರುಗಿಸಿಕೊಂಡೆ, ಧೂಳಿನ ನೆಪ ಇತ್ತು.

ಅದಕ್ಕೆ ಮಾಗಡಿಯಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಆಗಬೇಕು. ಸಾಹೇಬರಿಗೆ ಅವತ್ತು ರಾಮನಗರದಲ್ಲಿ ಮೀಟಿಂಗು. ಮಾರನೇ ದಿನ ಭಾನುವಾರ. ಸೋಮವಾರ ಬೆಳಿಗ್ಗೆ ಮತ್ತೆ ಹೋಗಿ ಕಾದು ಕೂತು ರುಜು ಹಾಕಿಸಿಕೊಂಡೆವು. ಅಂಗಡಿಗೆ ಬಂದು ಬೀಗ ತೆಗೆದಾಗ ಬಾಗಿಲಲ್ಲಿ ಏಳೆಂಟು ಮಂದಿ ನನ್ನನ್ನ ಬೈದುಕೊಂಡು ನಿಂತಿದ್ದರು. ಒಸಿ ತಡೀರಪ್ಪ ಅಂತ ಕೈಮುಗಿದು, ಮೊದಲು ಇವಳ ಅರ್ಜಿ ತೆರೆದೆ. ಆ ಕಾಲಂ ಬಂತು. ಅಭ್ಯಾಸಬಲದಿಂದ ಬೆರಳು ಎ ಮೇಲೇ ಹೋಯಿತು. ತೆಗೆದು ಬಿ ಒತ್ತಿದೆ. ಕೊನೆಯ ದಿನಕ್ಕೆ ಇನ್ನೊಂದೇ ದಿನ ಬಾಕಿ ಇತ್ತು.

ದಾಖಲೆ ಪರಿಶೀಲನೆ ರಾಮನಗರದಲ್ಲಿ. ಮಂದೆಯನ್ನ ತಮ್ಮನಿಗೆ ಒಪ್ಪಿಸಿ ಅಪ್ಪನೂ ಬಂದಿದ್ದರು. ಅಲ್ಲಿದ್ದ ಅಧಿಕಾರಿ ಕಾಗದ ತಿರುವಿ, "ಬಿ ಕೋಡಾ? ತಾಯಿಯವರ ಸ್ಟಡಿ ಸರ್ಟಿಫಿಕೇಟಾ? ನನ್ನ ಹತ್ತಿರ ಬರೋರು ತಂದೇದು ತರ್ತಾರೆ" ಅಂದರು. ಎರಡು ಸಲ ಓದಿದರು. ಆಮೇಲೆ ಕಂಪ್ಯೂಟರಿನಲ್ಲಿ ಅರ್ಹ ಅಂತ ಗುರುತು ಹಾಕಿ, ಪೋಷಕರ ಸಹಿ ಬೇಕು ಅಂದರು. ಪಕ್ಕದಲ್ಲಿದ್ದ ಸಹಾಯಕ ಅಪ್ಪನ ಹೆಗಲ ಮೇಲಿನ ಕಂಬಳಿ ನೋಡಿದ, ಇಂಕ್ ಪ್ಯಾಡನ್ನ ಗಂಡಹೆಂಡತಿಯ ಮುಂದೆ ತಳ್ಳಿದ. ನಾನು ತಳ್ಳಿದ್ದೂ ಥೇಟ್ ಹಿಂಗೇ.

ಅಪ್ಪ ಅದನ್ನ ಒಂದೇ ಬೆರಳಲ್ಲಿ ವಾಪಸ್ ಸರಿಸಿದರು. "ಬ್ಯಾಡ ಸಾಮಿ. ಸೈನು ಅವ್ಳು ಹಾಕ್ತಾಳೆ." ನನ್ನ ಕಡೆ ತಿರುಗಿ ಮೆಲ್ಲಗೆ ಅಂದರು, "ಕಟ್ಕೊಂಡು ಇಪ್ಪತ್ತು ವರ್ಷ ಆಯ್ತು ಕನವ್ವ, ಇವ್ಳು ಬರ್ಯೋದ ನಾನೂ ಒಂದಿನ ನೋಡ್ನಿಲ್ಲ."

ಭಾಗ್ಯಮ್ಮ ಪೂರ್ತಿ ಹೆಸರು ಬರೆದು, "ತಾರೀಕು ಕನ್ನಡದಲ್ಲಿ ಹಾಕ್ಲಾ, ಇಂಗ್ಲಿಷಲ್ಲಾ?" ಅಂತ ಕೇಳಿದರು.

ಸೀಟು ಹಂಚಿಕೆಯ ದಿನ ಮೂವರೂ ನನ್ನ ಅಂಗಡಿಗೇ ಬಂದರು. ಪರದೆ ತೆರೆದುಕೊಳ್ಳೋಕೆ ಬಹಳ ಹೊತ್ತು ತಗೊಂಡಿತು. ಕೊನೆಗೆ ಬಂತು, ಸರ್ಕಾರಿ ಮೆಡಿಕಲ್ ಕಾಲೇಜು. ಅಪ್ಪ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಹುಡುಗಿ ನನ್ನ ಎರಡೂ ಕೈ ಹಿಡಿದುಕೊಂಡಳು, ಬಿಡಲೇ ಇಲ್ಲ. ನಾನು ಬೈದಿದ್ದು, ಸುಳ್ಳು ಹೇಳಿಕೊಟ್ಟಿದ್ದು ಎಲ್ಲ ನೆನಪಾಯಿತು.

ಪ್ರಿಂಟ್ ತೆಗೆದುಕೊಟ್ಟೆ. ಭಾಗ್ಯಮ್ಮ ಅದನ್ನ ಮಗಳ ಕೈಗೆ ಕೊಟ್ಟು, "ಮೇಡಮ್ಮೋರೆ, ನಿಮ್ಮತ್ರ ಲ್ಯಾಮಿನೇಷನ್ ಮಾಡ್ತೀರಲ್ವಾ?" ಅಂದರು.

"ಅದಕ್ಕೆ ಮಾಡಿಸಬೇಡಿ, ಕಾಲೇಜಲ್ಲಿ ಕೊಡ್ಬೇಕು ಅದನ್ನ."

"ಅದುಕ್ಕಲ್ಲ," ಅಂತ ಬಟ್ಟೆ ಚೀಲದೊಳಗೆ ಕೈಹಾಕಿ, ನಾಲ್ಕಾಗಿ ಮಡಚಿದ್ದ ಒಂದು ಜೆರಾಕ್ಸ್ ಹೊರಗೆ ತೆಗೆದು ಟೇಬಲ್ ಮೇಲೆ ಅಂಗೈಯಿಂದ ಸವರಿ ಬಿಡಿಸಿದರು. ಅವರದೇ ಸ್ಟಡಿ ಸರ್ಟಿಫಿಕೇಟು. "ಇದುಕ್ಕೆ."